ಹೊಳೆ ಹುಟ್ಟುವಲ್ಲಿ ತುಂಬಿದ ಬಾಟಲಿ

ಸ್ವಿಟ್ಜರ್ಲೆಂಡ್, ಜುಲೈ ೧೯೯೪

ಅಕ್ಕ, ದೋಹಾದಲ್ಲಿ ನೀನೂ ಭಾವನೂ ಕ್ಷೇಮವೆಂದು ನಂಬಿದ್ದೇನೆ.

ನಾನು ಕಾರು ಓಡಿಸುವ ಅರಬ್ಬರ ಮನೆಯ ಹಿರಿಯರು ಬಾಬಾ ಇದ್ದಾರಲ್ಲ, ನಾಳೆ ಇಲ್ಲಿ ಅವರ ಎದೆಯ ಆಪರೇಷನ್. ಇವತ್ತು ಅವರ ಕೈಹಿಡಿದು ಹಿಮನದಿಯ ಪಕ್ಕದ ಕಾಲುದಾರಿಯಲ್ಲಿ ನಡೆಸಿದೆ. ಊರಗಲದ ಮಂಜುಗಡ್ಡೆ, ಅಕ್ಕ! ಅದರ ಬುಡದಿಂದ ಹೊಳೆ ಹುಟ್ಟುತ್ತದೆ. ಅಲ್ಲಿ ನಾನು ನಮ್ಮ ರೂಢಿಯಂತೆ ಬೂಟು ಕಳಚಿದೆ.

“ಯಾ ಮಜ್ನೂನ್, ಹುಚ್ಚಾ! ಕಾಲು ಮರಗಟ್ಟುತ್ತೆ,” ಎಂದು ಅವರ ಮಗ ರೇಗಿದ.

“ನೀರು ಹುಟ್ಟೂ ಜಾಗ ಬಾಬಾ, ನಮ್ಮ ಕಡೆ ಚಪ್ಪಲಿ ಮೆಟ್ಟಿಕೊಂಡು ಹೋಗೂದಿಲ್ಲ,” ಎಂದೆ.

ಬಾಬಾ ನೀರಿನತ್ತ ಕೈ ತೋರಿದರು. “ನನ್ನ ತಾಯಿ ಒಂದು ತೊಗಲು ಚೀಲ ನೀರಿಗೆ ಮರಳಲ್ಲಿ ದಿನವಿಡೀ ನಡೆಯುತ್ತಿದ್ದಳು,” ಎಂದು ತಮ್ಮ ಬೂಟನ್ನೂ ಬಿಚ್ಚಿಸಿಕೊಂಡರು. ಮಗ ತಡೆಯಲು ಬಂದರೆ “ಖಲಾಸ್, ಸಾಕು” ಎಂದರು. ಬರಿಗಾಲಲ್ಲೇ ಬಗ್ಗಿ ಬಾಟಲಿ ತುಂಬಿ ನನ್ನ ಕೈಗಿಟ್ಟರು. “ಇದು ಅವಳ ಗೋರಿಗೆ. ನಾನು ಏಳದಿದ್ದರೆ ನೀನು ಸುರಿ.”

ನನ್ನ ಕಾಲಿನ ಜೋಮು ಇಳಿದಿದೆ, ಚಿಂತಿಸಬೇಡ. ಫೋನು ತುಟ್ಟಿ, ಅದಕ್ಕೇ ಈ ಕಾರ್ಡು ಬರೆದೆ, ಅದೂ ತುಂಬಿತು. ಆ ನೀರನ್ನು ಬಾಬಾ ತಮ್ಮ ಕೈಯಾರೆ ಸುರಿಯುವಂತಾಗಲಿ ಎಂದು ಮನೆದೇವರಿಗೊಂದು ದೀಪ ಹಚ್ಚಕ್ಕ.

ನಿನ್ನ ತಮ್ಮ
ಮಾಯಪ್ಪ