ಅಪ್ಪನ ವಿಡಿಯೋ ವಿಚಾರ

ಸೋಮವಾರ, ಮಾರ್ಚ್ ೧೬

ಪ್ರೀತಿಯ ಚಿಕ್ಕವನಿಗೆ,

ನಾವಿಲ್ಲಿ ಕ್ಷೇಮ. ನೀನೂ ನಿನ್ನ ಹೆಂಡತಿಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನೀನು ಅಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ತಪ್ಪು ತಿಳಿಯಬೇಡ ಎಂದು ಬರೆಯಲು ಹೊರಟಿದ್ದೆ. ಬೇಡ, ತಿಳಿದುಕೋ. ಬೇಕೆಂದೇ ಎತ್ತಲಿಲ್ಲ. ಸಿಟ್ಟು ಆರಲಿ, ಆಮೇಲೆ ಮಾತಾಡೋಣ ಎಂದು ಕಾದೆ. ಅದು ಆರುವ ಲಕ್ಷಣ ಕಾಣಲಿಲ್ಲ. ಇವತ್ತು ಅಂಗಡಿಗೆ ರಜೆ. ಅಪ್ಪ ಊಟ ಮಾಡಿ ಮಲಗಿದ್ದಾರೆ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಿದ್ದೇನೆ. ಫೋನಿನಲ್ಲೇ ಬರೆಯಬಹುದಿತ್ತು. ಆದರೆ ಅದರಲ್ಲಿ ನಿನಗೆ ಕಳಿಸಿದ್ದು ನಿನ್ನ ಹತ್ತಿರವೇ ಉಳಿಯುವುದಿಲ್ಲವಲ್ಲ.

ಮೊದಲು ಅಪ್ಪನ ಸಮಾಚಾರ. ಮೈಯಲ್ಲಿ ಕಸುವಿದೆ, ಊಟ ಸೇರುತ್ತದೆ, ಗಡ್ಡ ತಾವೇ ಹೆರೆದುಕೊಳ್ಳುತ್ತಾರೆ, ಒಂದೂ ಗಾಯವಿಲ್ಲ. ಮರೆವು ಮಾತ್ರ ಏರುತ್ತಲೇ ಇದೆ. ಕೆಲವು ದಿನ ನಾನು ಅವರಿಗೆ ಅಮ್ಮ. ಕೆಲವು ದಿನ ಅಂಗಡಿಗೆ ಹೊಸದಾಗಿ ಸೇರಿದ ಹುಡುಗಿ. ಆ ದಿನಗಳಲ್ಲಿ ನಾನು ಕತ್ತರಿ ಹಿಡಿದರೆ ನನ್ನ ಹಿಂದೆ ನಿಂತು, "ಕೈ ಹಗುರ ಇರ್ಲಿ ಕಣಮ್ಮ, ಅದು ತಲೆ, ತೆಂಗಿನಕಾಯಿ ಅಲ್ಲ" ಎಂದು ಪಾಠ ಹೇಳುತ್ತಾರೆ. ಗಿರಾಕಿಗಳು ನಗುತ್ತಾರೆ, ನಾನೂ ನಗುತ್ತೇನೆ, ಅಪ್ಪನೂ ನಗುತ್ತಾರೆ. ನಗಬಾರದು ಎಂದು ನಾನು ಯಾವತ್ತೂ ಹೇಳಿದವಳಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಓದು.

ಹೋದ ವಾರ ಒಬ್ಬ ಹುಡುಗ ಕಟಿಂಗಿಗೆ ಬಂದ. ಹೊಸ ಗಿರಾಕಿ. ಕುತ್ತಿಗೆಗೆ ಬಟ್ಟೆ ಕಟ್ಟಿ ಹಿಂದುಗಡೆ ಮಿಷನ್ ಆಡಿಸುತ್ತಿದ್ದೆ. ಅವನು ಬಟ್ಟೆಯೊಳಗಿನಿಂದ ಫೋನ್ ತೆಗೆದು ನೋಡುತ್ತ ಕಿಸಕಿಸ ನಗತೊಡಗಿದ.

"ತಲೆ ಅಲ್ಲಾಡಿಸ್ಬೇಡಪ್ಪ, ಕಿವಿ ಹೋಗುತ್ತೆ" ಎಂದೆ.

"ಅಕ್ಕಾ, ಇದನ್ನ ನೋಡ್ಲೇಬೇಕು ನೀವು. ನಿಮ್ ಕಸುಬಿನದೇ" ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದ.

ನೋಡಿದೆ. ನಮ್ಮ ಮನೆಯ ನಡುಮನೆ. ನಮ್ಮ ಕಿಟಕಿ, ನಮ್ಮ ಪರದೆ. ಕುರ್ಚಿಯ ಮೇಲೆ ದಿಂಬು ನಿಲ್ಲಿಸಿದೆ. ದಿಂಬಿಗೆ ಟವೆಲ್ ಸುತ್ತಿದೆ. ಅಪ್ಪ ಎರಡು ಬೆರಳನ್ನು ಕತ್ತರಿ ಮಾಡಿಕೊಂಡು, ಎಡಗೈಯಲ್ಲಿ ಬಾಚಣಿಗೆ ಹಿಡಿದು, ಆ ದಿಂಬಿನ ಸುತ್ತ ಬಾಗಿ ಬಾಗಿ ಕೆಲಸ ಮಾಡುತ್ತಿದ್ದಾರೆ. "ಮೇಲೆ ಸಾಕಾ ಸಾರ್, ಇನ್ನೂ ತೆಗೀಲಾ?" ಎಂದು ದಿಂಬನ್ನು ಕೇಳುತ್ತಿದ್ದಾರೆ. ಫೋನ್ ಹಿಡಿದವನ ಮುಖ ಕಾಣುವುದಿಲ್ಲ, ದನಿ ಕೇಳುತ್ತದೆ: "ಪಕ್ಕದಲ್ಲಿ ಇನ್ನೂ ಸ್ವಲ್ಪ ತೆಗೀರಿ ಅಪ್ಪ, ಗಿರಾಕಿ ಬೈತಾರೆ!" ಅಪ್ಪ ಗಾಬರಿಯಾಗಿ ದಿಂಬಿಗೆ ಕೈಮುಗಿದು, "ತಪ್ಪಾಯ್ತು ಸಾರ್" ಎನ್ನುತ್ತಾರೆ. ಆಗ ನಗು. ಹೊಟ್ಟೆ ಹಿಡಿದುಕೊಂಡು ನಗುವ ನಗು. ಕೆಳಗೆ ಯಾರೋ ಬರೆದಿದ್ದಾರೆ: ದಿಂಬಿಗೂ ಬಿಡದ ಕಸುಬುದಾರ.

ಹೋದ ಸಲ ನೀನು ಬಂದಾಗ ತೆಗೆದದ್ದು. ಆ ದನಿ ನಿನ್ನದು. ಬೇರೆ ಯಾರದೋ ಇರಬಹುದು ಎಂದು ಎರಡನೇ ಸಲ ಕೇಳುವ ಅಗತ್ಯವೂ ಬೀಳಲಿಲ್ಲ. ಮಿಷನ್ ಕೆಳಗಿಟ್ಟೆ. ಸಿಟ್ಟು ಬಂದಾಗ ಇನ್ನೊಬ್ಬರ ತಲೆ ಮುಟ್ಟಬಾರದು ಎಂದು ಅಪ್ಪ ಕಲಿಸಿದ್ದರು.

"ಯಾಕಕ್ಕಾ, ನಗು ಬರ್ಲಿಲ್ವಾ?" ಎಂದ ಹುಡುಗ.

"ಅವರು ನಮ್ಮಪ್ಪ" ಎಂದೆ.

ಪಾಪ, ಅವನ ಮುಖ ಸುಣ್ಣದ ಹಾಗಾಯಿತು. ಆ ಕ್ಷಣವೇ ಅಳಿಸಿದ. ಯಾರೋ ಗೆಳೆಯ ಕಳಿಸಿದ್ದು, ಅವನಿಗೆ ಇನ್ಯಾರೋ ಕಳಿಸಿದ್ದು, ತನಗೆ ಗೊತ್ತಿರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದ. ಮೂಲೆಯ ಕುರ್ಚಿಯಲ್ಲಿ ಅಪ್ಪ ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಕೂತಿದ್ದರು. ಹೋಗುವಾಗ ಆ ಹುಡುಗ ಅವರ ಮುಂದೆ ನಿಂತು, "ಬರ್ತೀನಿ ಸಾರ್" ಎಂದ. ಹೆತ್ತ ಮಗನಿಗಿಲ್ಲದ ಮರ್ಯಾದೆ ದಾರಿಹೋಕನಿಗಿತ್ತು ಎಂದು ಬರೆಯಬಾರದು ಅಂದುಕೊಂಡೆ. ಬರೆದುಬಿಟ್ಟೆ.

ಸಂಜೆ ನಿನಗೆ ಫೋನ್ ಮಾಡಿದೆ. ನೀನು ಏನು ಹೇಳಿದೆ, ಜ್ಞಾಪಕವಿದೆಯೇ? "ಅಯ್ಯೋ ಅಕ್ಕಾ, ನಾನು ಹಾಕಿದ್ದು ನಮ್ ಮನೆಯವರ ಗ್ರೂಪಿಗೆ ಮಾತ್ರ. ಅದೂ ಪ್ರೀತಿಯಿಂದ. ಎಲ್ರೂ ದೂರ ದೂರ ಇದ್ದೀವಿ, ಅಪ್ಪನ್ನ ನೋಡಿ ಖುಷಿಪಡ್ಲಿ ಅಂತ. ಎಷ್ಟು ಜನ ಹಾರ್ಟ್ ಹಾಕಿದಾರೆ ನೋಡು." ನೋಡಿದೆ. ಆ ಗ್ರೂಪ್ ತೆರೆದು ನನಗೆ ಎಷ್ಟೋ ದಿನವಾಗಿತ್ತು. ಅತ್ತೆ ಹಾಕಿದ್ದಾರೆ. ದೊಡ್ಡಪ್ಪನ ಮಕ್ಕಳೆಲ್ಲ ಹಾಕಿದ್ದಾರೆ. ಅವರಲ್ಲಿ ಒಬ್ಬರಾದರೂ ಈ ವರ್ಷ ಅಪ್ಪನಿಗೆ ಫೋನ್ ಮಾಡಿ, ಹೇಗಿದ್ದೀರಿ ಎಂದು ಕೇಳಿದ್ದುಂಟಾ? ದಿನಾ ಬೆಳಗಾದರೆ ಹೂವಿನ ಚಿತ್ರ, ಶುಭೋದಯ, ಮುಗಿದ ಕೈಗಳು. ಸಂಬಂಧ ಎಂದರೆ ಅಷ್ಟೇ ಎಂದಾಗಿಬಿಟ್ಟಿದೆ.

ದಯವಿಟ್ಟು ಎಲ್ಲರೂ ಇದನ್ನು ಅಳಿಸಿ, ಇದು ಊರೆಲ್ಲ ತಿರುಗುತ್ತಿದೆ ಎಂದು ಗ್ರೂಪಿನಲ್ಲಿ ಬರೆದೆ. ಅತ್ತೆಯ ಉತ್ತರ: "ತಮಾಷೆನ ತಮಾಷೆ ಥರ ತಗೋಳಮ್ಮ, ನಿಮ್ಮಪ್ಪ ಫೇಮಸ್ ಆಗಿದಾನೆ." ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನೀನು ಆ ಮಾತಿನ ಕೆಳಗೆ ಒಂದು ನಗುವ ಮುಖ ಇಟ್ಟೆ. ಅದನ್ನು ನೋಡಿದ ಮೇಲೆ ನಾನು ಗ್ರೂಪ್ ಬಿಟ್ಟೆ. ಅಕ್ಕನಿಗೆ ಸಿಡುಕು ಜಾಸ್ತಿಯಾಗಿದೆ, ಒಬ್ಬಳೇ ನೋಡಿಕೊಂಡು ಸುಸ್ತಾಗಿದ್ದಾಳೆ ಎಂದು ನೀನು ಎಲ್ಲರಿಗೂ ಹೇಳುತ್ತಿದ್ದೀಯಂತೆ. ನಾನು ಸುಸ್ತಾಗಿಲ್ಲ ಕಣೋ. ನನಗೆ ಸಿಟ್ಟು ಬಂದಿದೆ. ಎರಡೂ ಬೇರೆ ಬೇರೆ.

ಹಾಗಂತ ಅಕ್ಕನಿಗೆ ಫೋನ್ ಅಂದರೇ ಆಗುವುದಿಲ್ಲ ಎಂದು ಕಥೆ ಕಟ್ಟಬೇಡ. ಅಪ್ಪನ ಗೆಳೆಯ, ವೈರಿಂಗ್ ಕೆಲಸದ ಗಡ್ಡದ ಮಾಮ, ಮಗಳ ಊರಿಗೆ ಹೋದಮೇಲೂ ದಿನಾ ಮಧ್ಯಾಹ್ನ ವಿಡಿಯೋ ಕಾಲ್ ಮಾಡುತ್ತಾರೆ. ಫೋನ್ ಹಿಡಿಯಲು ಅವರಿಗೆ ಇವತ್ತಿಗೂ ಬರುವುದಿಲ್ಲ. ಒಮ್ಮೆ ಬರೀ ಹಣೆ, ಒಮ್ಮೆ ಬರೀ ಫ್ಯಾನು. ಅಪ್ಪನಿಗೆ ಅವರ ಹೆಸರು ಮರೆತು ಎಷ್ಟೋ ಕಾಲವಾಯಿತು. ಆದರೂ ದನಿ ಕೇಳಿದ ಕೂಡಲೇ, "ಏನಯ್ಯಾ, ಕರೆಂಟು ಬಂತಾ?" ಎನ್ನುತ್ತಾರೆ. "ಬಂತು ಕಣಯ್ಯಾ, ನೀನು ಬಲ್ಬ್ ಹಾಕು" ಎನ್ನುತ್ತಾರೆ ಮಾಮ. ಅದೇ ಮಾತು, ದಿನಾ, ಇಬ್ಬರೂ ಹೊಸದಾಗಿ ನಗುತ್ತಾರೆ. ಆ ನಗುವಿಗೂ ನಿನ್ನ ನಗುವಿಗೂ ಇರುವ ಅಂತರ ಬಿಡಿಸಿ ಹೇಳಬೇಕೇನು? ಅಲ್ಲಿ ಅಪ್ಪ ನಗುವವರಲ್ಲಿ ಒಬ್ಬರು.

ಆ ವಿಡಿಯೋ ಮಾಮನಿಗೂ ಮುಟ್ಟಿದೆ. ನನಗೆ ಫೋನ್ ಮಾಡಿ, "ನನ್ ಮದುವೆ ದಿನ ನನ್ ಗಡ್ಡ ತೆಗೆದ ಕೈ ಅದು ಮಗೂ. ಅದನ್ನ ತೆಗೆಸು" ಎಂದರು. ಎಲ್ಲಿಂದ ತೆಗೆಸಲಿ? ಯಾರ ಯಾರ ಜೇಬಿಗೆ ಕೈ ಹಾಕಲಿ?

ನೀನು ಕೆಟ್ಟವನಲ್ಲ. ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುವವನು. ಓಡುವಾಗ ಮಗುವೊಂದು ಎಡವಿ ಬಿದ್ದರೆ, ನಗುವ ಮಕ್ಕಳನ್ನು ಶಿಳ್ಳೆ ಹೊಡೆದು ನಿಲ್ಲಿಸಿ ಮೊದಲು ಓಡಿಹೋಗುವವನು ನೀನೇ ಎಂದು ನಿನ್ನ ಹೆಂಡತಿ ಹೇಳಿದ್ದಾಳೆ. ಅದನ್ನು ನಂಬುತ್ತೇನೆ. ಅದಕ್ಕೇ ನನಗೆ ಇಷ್ಟು ಸಿಟ್ಟು. ಬೇರೆಯವರ ಮಕ್ಕಳ ಮಾನ ಕಾಯುವವನಿಗೆ ಹೆತ್ತವರ ಮಾನ ಆಟದ ಚೆಂಡಾಯಿತಲ್ಲ.

ಒಂದೇ ಮಾತು ಕೇಳುತ್ತೇನೆ. ಗ್ರೂಪಿನಲ್ಲಿ ಅಳಿಸಿದರೆ ಮುಗಿಯಲಿಲ್ಲ. ಅದನ್ನು ಹೊರಗೆ ಹಂಚಿದವರಿಗೆಲ್ಲ ನೀನೇ ಫೋನ್ ಮಾಡಿ, ಬಾಯಿಬಿಟ್ಟು, "ನಾನು ಮಾಡಿದ್ದು ಸರಿಯಲ್ಲ, ಅದನ್ನ ತೆಗೀರಿ" ಎಂದು ಹೇಳು. ನಾಚಿಕೆಯಾಗುತ್ತದೆ. ಆಗಲಿ. ಆಮೇಲೆ ಬಾ. ಬಂದು ಆ ಕುರ್ಚಿಯ ಮೇಲೆ ನೀನೇ ಕೂತು ತಲೆ ಬಗ್ಗಿಸು. ಅಪ್ಪ ಇನ್ನೂ ಚೆನ್ನಾಗಿ ಕಟಿಂಗ್ ಮಾಡುತ್ತಾರೆ. ಅವರಿಗೆ ಬೇಕಾಗಿರುವುದು ಒಂದು ತಲೆ, ಅಷ್ಟೇ.

ಎಷ್ಟು ಸಿಟ್ಟಿದ್ದರೂ ಹರಸದೆ ಕಾಗದ ಮಡಿಸಲು ಕೈ ಬರುವುದಿಲ್ಲ. ಇಬ್ಬರೂ ತಣ್ಣಗಿರಿ. ಬಿಸಿಲಿನಲ್ಲಿ ಟೋಪಿ ಹಾಕಿಕೋ. ನಿನ್ನ ಹೆಂಡತಿಗೆ ನನ್ನ ಪ್ರೀತಿ. ಇದರಲ್ಲಿ ಅವಳದೇನೂ ತಪ್ಪಿಲ್ಲ.

ಇಂತಿ,
ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ನಿನ್ನೆ ಊಟದ ಹೊತ್ತಿಗೆ ಅತ್ತೆಯ ಮಗ ಮತ್ತೆ ಅದೇ ವಿಡಿಯೋ ಕಳಿಸಿದ್ದ. ಏನೆಂದು ತೆರೆಯುವಷ್ಟರಲ್ಲಿ ಅಪ್ಪ ನನ್ನ ಹೆಗಲ ಹಿಂದೆ ಬಂದು ನಿಂತಿದ್ದರು. ನಿಲ್ಲಿಸಲು ಹೋದೆ. "ಇರ್ಲಿ ಇರ್ಲಿ" ಎಂದು ನನ್ನ ಕೈ ಹಿಡಿದು ಕೊನೆಯವರೆಗೂ ನೋಡಿದರು. "ಕೈ ಚೆನ್ನಾಗಿದೆ ಇವರದು, ಕೆಲಸ ಗೊತ್ತಿರೋರು" ಎಂದರು. ತಮ್ಮ ಗುರುತು ಅವರಿಗೆ ಸಿಗಲಿಲ್ಲ. ಆಮೇಲೆ ತಲೆ ವಾಲಿಸಿ ಆಲಿಸಿದರು. "ಆ ನಗೋದು ಯಾರು? ನಮ್ ಚಿಕ್ಕವನ ದನಿ ಥರಾನೇ ಇದೆ."

ನಾನು ಫೋನ್ ಮಗುಚಿಟ್ಟೆ.

"ಅವನಲ್ಲ ಬಿಡು" ಎಂದು ಅವರೇ ಹೇಳಿದರು. "ವಯಸ್ಸಾದೋರನ್ನ ನೋಡಿ ಅವನು ಹೀಗೆ ನಗಲ್ಲ."

"ಹೌದಪ್ಪ, ಅವನಲ್ಲ" ಎಂದೆ.