ಈಗ ತಾನೇ ಉಂಡು ಬಂದೆವು

ಅತ್ತೆಮ್ಮನವರಿಗೆ,

ನಿಮ್ಮ ಸೊಸೆ ಮಾಡುವ ನಮಸ್ಕಾರ. ನಿಮಗೆ ಓದು ಬರುತ್ತಿರಲಿಲ್ಲವಲ್ಲ, ಅದಕ್ಕೇ ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದುತ್ತಿದ್ದೇನೆ. ಪಕ್ಕದ ಮನೆಯವರು ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡರೆ ಅಂದುಕೊಳ್ಳಲಿ. ನಿಮ್ಮ ಕೊನೇ ಮಗಳು ಸಾಕಮ್ಮನ ಸುದ್ದಿ ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನನ್ನನ್ನು ನೋಡಲು ನೀವು ಕೃಷ್ಣರಾಜನಗರದ ಹತ್ತಿರದ ನಮ್ಮೂರಿಗೆ ಬಂದ ದಿನ ನೆನಪಿದೆಯಾ? ರಾವಂದೂರಿನಿಂದ ಹೊರಟು, ಬಸ್ಸಿಳಿದು, ಬಿಸಿಲಲ್ಲಿ ನಡೆದು ಬಂದಿದ್ದಿರಿ. ನಮ್ಮಪ್ಪ ಊಟಕ್ಕೆ ಕರೆದರೆ ನಿಮ್ಮ ಕಡೆಯವರೆಲ್ಲ ಒಂದೇ ಬಾಯಲ್ಲಿ "ಈಗ್ತಾನೆ ಉಣ್ಕಂಡು ಬಂದೋ" ಅಂದರು. ಮಾತು ಕುದುರುವ ಮೊದಲೇ ಹೆಣ್ಣಿನ ಮನೆಯಲ್ಲಿ ಉಂಡರೆ ಗಂಡಿನವರು ಹಗುರವಾಗಿಬಿಡುತ್ತಾರಂತಲ್ಲ! ನೀವೊಬ್ಬರೇ, "ಸುಳ್ ಯಾಕ್ ಯೋಳೀರಿ? ನಂಗಂತೂ ಒಟ್ಟೆ ಅಸೀತಾ ಅದೆ ಕಣವ್ವಾ, ಮುದ್ದೆ ಇದ್ರೆ ಇಕ್ಕು" ಅಂತ ಸೀದಾ ಅಡುಗೆಮನೆಗೇ ಬಂದಿರಿ. ಉಂಡು ಕೈ ತೊಳೆದು, ಒಪ್ಪಿಗೆಯಾ ಅಂತ ನನ್ನನ್ನು ಕೇಳಿದಿರಿ. ಎಲ್ಲ ಹುಡುಗಿಯರೂ ಹೇಳುವುದನ್ನೇ ನಾನೂ ಹೇಳಿದೆ, "ನಿಮ್ಮಿಷ್ಟ." "ನಮ್ಮಿಷ್ಟ ನಮ್ಗೆ ಗೊತ್ತದೆ ಕಣವ್ವಾ. ನಿನ್ನಿಷ್ಟ ಯೋಳು" ಅಂದಿರಿ. ಅಲ್ಲಿಯತನಕ ನನ್ನನ್ನು ಯಾರಾದರೂ ಹಾಗೆ ಕೇಳಿದ್ದರಾ? ನಿಜ ಹೇಳಲಾ, ನಿಮ್ಮ ಮಗನ ಮುಖವನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ. ನಿಮ್ಮನ್ನು ನೋಡಿಕೊಂಡೇ ಹೂಂ ಅಂದೆ.

ಮೊದಲ ಮಗು ಉಳಿಯದೆ ಹೋದಾಗ ಮಾತಾಡಿಸಲು ಬಂದವರಿಗೆಲ್ಲ ನಾನು ಕಾಫಿ ಕೊಟ್ಟು, ನಗುನಗುತ್ತಲೇ "ಚೆನ್ನಾಗಿದ್ದೀನಿ" ಅನ್ನುತ್ತಿದ್ದೆ. ಗಟ್ಟಿಗಿತ್ತಿ ಅಂತ ಊರೆಲ್ಲ ಹೊಗಳಿತು. ಒಂದು ಮಧ್ಯಾಹ್ನ ಒಲೆ ಹಚ್ಚಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಾಗ ನೀವು ಇದ್ದಕ್ಕಿದ್ದಂತೆ ಸೊಪ್ಪು ಕೆಳಗಿಟ್ಟು ಅಳತೊಡಗಿದಿರಿ. "ನನ್ ಕೈಲೇ ತಡ್ಕಳಕ್ಕಾಗ್ದು. ನೀನೆಂಗವ್ವಾ ತಡ್ಕಂಡಿದ್ದೀಯೆ?" ಅಷ್ಟು ಸಾಕಾಯಿತು ನನಗೆ. ನಿಮ್ಮ ತೊಡೆಯ ಮೇಲೆ ಬಿದ್ದು ಎಷ್ಟು ಅತ್ತೆನೋ... ಬಾಗಿಲಲ್ಲಿ ನಿಂತಿದ್ದ ನಿಮ್ಮ ಮಗ ಕಣ್ಣೊರೆಸಿಕೊಂಡು "ಕಣ್ಗೆ ಓಗೆ" ಅಂದರು. "ಇನ್ನೂ ಒಲೇನೇ ಅಚ್ಚಿಲ್ಲ ಕಣ್ಲಾ, ಯಾವ ಓಗೆ?" ಅಂದಿರಿ ನೀವು. ಅಳುವಿನ ಮಧ್ಯೆಯೇ ನನಗೆ ನಗು ಬಂತು.

ಹಾಸಿಗೆ ಹಿಡಿದಾಗ ನಿಮಗಿದ್ದದ್ದು ಒಂದೇ ಚಿಂತೆ. ಸಾಕಮ್ಮ ನಿಮ್ಮ ಹೊಟ್ಟೆಯಲ್ಲಿ ಹುಟ್ಟಿಯೂ ನಿಮ್ಮ ಹಾಗಲ್ಲ. ಹೆಸರಿಗೆ ತಕ್ಕಂತೆ ಏನು ಬಡಿಸಿದರೂ ಸಾಕು, ಏನು ಕೇಳಿದರೂ ನಿಮ್ಮಿಷ್ಟ. ನನ್ನ ಕೈ ಹಿಡಿದುಕೊಂಡು ಅಂದಿರಿ, "ಅವ್ಳು ಬಾಯ್ಬುಟ್ಟು ಊಂ ಅನ್ನೋಗಂಟ ಯಾರ್ಗೂ ಕೊಡ್ಬ್ಯಾಡಿ. ನಿಮ್ಮಿಷ್ಟ ಅನ್ನದು ಊಂ ಅಲ್ಲ ಕಣವ್ವಾ." ಆಗಲಿ ಅಂದೆ. ಅನ್ನುವುದು ಸುಲಭ, ಅತ್ತೆಮ್ಮ!

ನೀವು ಹೋದಿರಿ. ಯುಗಾದಿ ಕಳೆದ ಮೇಲೆ ಎಚ್.ಡಿ. ಕೋಟೆ ಕಡೆಯವರು ಬಂದರು. ಹೊಲ ಮನೆ ಎಲ್ಲ ಚೆನ್ನಾಗಿತ್ತು. ಸಾಕಮ್ಮ ಕಂಬ ಹಿಡಿದು ನಿಂತು "ನಿಮ್ಮಿಷ್ಟ ಅಣ್ಣ" ಅಂದಳು. ನಿಮ್ಮ ಮಗ ತಾಂಬೂಲ ಬದಲಾಯಿಸಲು ಎದ್ದೇಬಿಟ್ಟರು. ನಾನು ಅಡ್ಡ ನಿಂತೆ. "ಎಣ್ಣುಡ್ಗಿ ಇನ್ನೇನ್ ಯೋಳ್ತಳೆ? ಒಳ್ಳೆ ಸಂಬಂಧ ಕಳೀತಾ ಇದ್ದೀಯೆ" ಅಂತ ಇವರು ಬಹಳ ದಿನ ಮುಖ ಊದಿಸಿಕೊಂಡಿದ್ದರು. ಊರವರ ಬಾಯಲ್ಲಿ ನಾನು ನಾದಿನಿಯ ಮದುವೆಗೆ ಕಲ್ಲು ಹಾಕುವವಳಾದೆ. ನನಗೂ ಅನುಮಾನ ಬಂತು. ಇವಳು ಯಾವತ್ತೂ ಬಾಯಿ ಬಿಡದಿದ್ದರೆ?

ಮೊನ್ನೆ ಭಾನುವಾರ ಹುಣಸೂರಿನ ಕಡೆಯವರು ಬಂದರು. ಬರಬೇಕಾದ ಹೊತ್ತು ಮೀರಿತ್ತು, ಎಲ್ಲರ ಮುಖವೂ ಬಾಡಿತ್ತು. ಹುಡುಗನ ಸೋದರಮಾವ ತೊಡೆಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಗತ್ತಿನಿಂದ "ಈಗ್ತಾನೆ ಉಣ್ಕಂಡು ಬಂದೋ" ಅಂದ. ಹುಡುಗನ ಕಣ್ಣು ಅಡುಗೆಮನೆಯ ಬಾಗಿಲಲ್ಲೇ ಇತ್ತು. "ನೀವೂ ಉಂಡ್ರಾ?" ಅಂತ ಕೇಳಿದೆ. "ಇಲ್ಲ ಕಣಕ್ಕಾ. ಬಸ್ ಕೆಟ್ಟೋಯ್ತು, ಬೆಳಿಗ್ಗೆಯಿಂದ ಯಾರೂ ಏನೂ ತಿಂದಿಲ್ಲ" ಅಂದುಬಿಟ್ಟ! ಮಾವ ಕಣ್ಣು ಕೆಂಪಗೆ ಮಾಡಿದ. ಕಾಫಿ ಹಿಡಿದು ತಲೆ ತಗ್ಗಿಸಿ ಬರುತ್ತಿದ್ದ ಸಾಕಮ್ಮ ಕಿಸಕ್ಕನೆ ನಕ್ಕಳು. ಕಾಫಿ ಚೆಲ್ಲಿತು. ತಲೆಯೆತ್ತಿ ಅವನನ್ನು ನೋಡಿದಳು, ಅತ್ತೆಮ್ಮ, ಎಲ್ಲರೆದುರಿಗೇ.

ಅವರೆಲ್ಲ ಉಣ್ಣಲು ಕೂತಾಗ ಇವರು ಹಿತ್ತಲಲ್ಲಿ ತಂಗಿಯನ್ನು ಕೇಳಿದರು, "ಏನವ್ವಾ?" "ನಿಮ್ಮಿ..." ಅಂದಳು. ನಿಲ್ಲಿಸಿದಳು. ಸೆರಗಿನ ತುದಿಯನ್ನು ಸುತ್ತಿ ಸುತ್ತಿ, ಕೊನೆಗೆ ಹೇಳಿದಳು, "ನಂಗೆ ಇಷ್ಟ ಕಣಣ್ಣ. ಆದ್ರೆ ನಿಮ್ಮೆಲ್ಲಾರ್ನೂ ಬುಟ್ಟೋಗಕ್ಕೆ ಭಯ ಆಯ್ತದೆ." ಇವರು ಅಳುತ್ತಾ ನಿಂತರು. ಈ ಸಲ ಹೊಗೆ ಅನ್ನಲಿಲ್ಲ. "ಅವ್ವ ಇರ್ಬೇಕಿತ್ತು" ಅಂದರು.

ಮಾರ್ನಮಿ ಕಳೆದ ಮೇಲೆ ಮದುವೆ. ಅದಕ್ಕೂ ಮೊದಲು ಹಿರಿಯರಿಗೆ ಎಡೆ ಇಡುವ ದಿನ ನಿಮಗೆ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಇಡುತ್ತೇನೆ. ಸಾಕಮ್ಮ ತಾನೇ ಬಡಿಸುತ್ತಾಳಂತೆ. ಬಂದು ಹೊಟ್ಟೆತುಂಬ ಉಣ್ಣಿ. ಅಲ್ಲಿ ಆ ದೊಡ್ಡವರ ನಡುವೆ ಇದ್ದು ಇದ್ದು, ಈಗ್ತಾನೆ ಉಂಡು ಬಂದೆ ಅನ್ನುವುದನ್ನು ಮಾತ್ರ ಕಲಿತಿರಬೇಡಿ.

ನಿಮ್ಮ ಸೊಸೆ