ಹರಿಣಿಗೆ ನೋವಾಯಿತು

ಜಂಗಮಕೋಟೆ

ಪ್ರೀತಿಯ ಯಶೋಧರಾ ಮೇಡಂ,

ನೀವು ಇಲ್ಲಿನ ಆಸ್ಪತ್ರೆಯಿಂದ ವರ್ಗವಾಗಿ ಮೈಸೂರಿಗೆ ಹೊರಟ ದಿನ ಹರಿಣಿಯ ಕೈಯಲ್ಲಿ ಏನೂ ಬದಲಾಗಿರಲಿಲ್ಲ. ನಿಮ್ಮ ಮುಖ ಬಾಡಿತ್ತು. ಹಾಗಾಗಿ ಈ ಸುದ್ದಿಯನ್ನು ಫೋನಿನಲ್ಲಿ ಅವಸರವಾಗಿ ಹೇಳಿ ಮುಗಿಸಲು ಮನಸ್ಸಾಗದೆ, ಕೂತು ಬರೆಯುತ್ತಿದ್ದೇನೆ.

ಹುಣಸೆ ಮರದಿಂದ ಬಿದ್ದು ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾದ ಮೇಲೆ ನನ್ನ ಮಗಳ ಕೈ ಹೇಗಿತ್ತೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಬೆರಳು ಅಷ್ಟಿಷ್ಟು ಮಡಚುತ್ತಿತ್ತು, ಆದರೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ; ಲೋಟ ಹಿಡಿದರೆ ಅದನ್ನೇ ನೋಡುತ್ತಿರಬೇಕು. ಕಣ್ಣು ಆಚೆ ಸರಿಸಿದರೆ ಲೋಟ ನೆಲಕ್ಕೆ. ನೀವು ತೊಡಿಸಿದ ಕೈಗವಸನ್ನು ಊರವರೆಲ್ಲ ಬಂದು ನೋಡಿ ಹೋಗುತ್ತಿದ್ದರು. ಬೆರಳತುದಿಯಲ್ಲಿ ಸಣ್ಣ ಕಂಪನ, ಮಣಿಕಟ್ಟಿನಲ್ಲಿ ಮೆಲುವಾದ ಕರೆಂಟು. "ಕೈಯ ದಾರಿ ಮೆದುಳಿಗೆ ಮತ್ತೆ ನೆನಪು ಮಾಡಿಸ್ತಿದ್ದೀವಿ, ಆತುರ ಬೇಡ" ಎಂದಿದ್ದಿರಿ. ನೀವು ಹೋದ ಮೇಲೂ ನಾವು ಬಿಡಲಿಲ್ಲ. ಹಿಪ್ಪುನೇರಳೆ ಎಲೆ, ರಾಗಿ, ಗೋಣಿತಾಟು, ಕರುವಿನ ಕಿವಿ, ಸಿಕ್ಕಿದ್ದನ್ನೆಲ್ಲ ಮುಟ್ಟಿಸಿದೆ. ಆಸ್ಪತ್ರೆಯವರ ಪ್ರಯೋಗದ ಅವಧಿ ಮುಗಿಯುತ್ತಾ ಬಂತು. ಸೋಮವಾರ ಗವಸನ್ನು ವಾಪಸು ಕೊಡಬೇಕಿತ್ತು.

ಭಾನುವಾರ ಮಧ್ಯಾಹ್ನ ಅಕ್ಕತಂಗಿಯರಿಗೆ ಟೀವಿ ಚಾನೆಲ್ಲಿಗಾಗಿ ಜಗಳ. ಗವಸು ಬಿಚ್ಚಿಟ್ಟಿದ್ದೆ. ಹರಿಣಿಯ ಕಣ್ಣು ಟೀವಿಯ ಮೇಲಿತ್ತು. ಚಿಕ್ಕವಳು ಅಮೃತ ಸಿಟ್ಟಿನಲ್ಲಿ ಅಕ್ಕನ ಹೆಬ್ಬೆರಳ ಬುಡವನ್ನು ಚಿವುಟಿಬಿಟ್ಟಳು.

"ಏಯ್, ಚಿವುಟ್ಬೇಡ ಕಣೇ! ನೋಯ್ತೈತೆ!"

ಹೇಳಿದವಳೇ ಬೆಚ್ಚಿ ತನ್ನ ಕೈ ನೋಡಿಕೊಂಡಳು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ, "ಇನ್ನೊಂದ್ಸಲ ಚಿವುಟೇ" ಎಂದಳು. ಅಮೃತ ಹೆದರಿ ಅಳುತ್ತಲೇ ಚಿವುಟಿದಳು. "ಅಮ್ಮಾ, ನಿಜವಾಗ್ಲೂ ನೋಯ್ತೈತಮ್ಮಾ!" ಎಂದು ಹರಿಣಿ ನಕ್ಕ ನಗು ನೀವು ಕೇಳಬೇಕಿತ್ತು. ನಮ್ಮತ್ತೆ ಚಿಕ್ಕವೆಂಕಟಮ್ಮ ತೆಲುಗಿನಲ್ಲಿ "ನಾ ಬಂಗಾರು ತಲ್ಲಿ", ನನ್ನ ಬಂಗಾರದ ತಾಯಿ, ಎನ್ನುತ್ತಾ ಚಿವುಟಿದ ಬೆರಳಿಗೇ ಮುತ್ತಿಟ್ಟರು. ನಾನು ಹುಳುಮನೆಗೆ ಓಡಿ ಒಂದು ರೇಷ್ಮೆಹುಳು ತಂದು, ಇನ್ನೂ ಕಣ್ಣು ಮುಚ್ಚಿಕೊಂಡಿದ್ದವಳ ಅಂಗೈ ಮೇಲೆ ಬಿಟ್ಟೆ. "ತಣ್ಣಗೈತೆ... ನಡೀತೈತೆ... ತೆಗಿಯಮ್ಮ, ಕಚಗುಳಿ!"

ಕಿರುಬೆರಳು ಇನ್ನೂ ಮರಗಟ್ಟಿದೆ. ಗಾಲಿಕುರ್ಚಿಯೂ ಇದೆ. ಪರೀಕ್ಷಿಸಿದ ಡಾಕ್ಟರು ಗವಸನ್ನು ಇನ್ನಷ್ಟು ಕಾಲ ನಮ್ಮಲ್ಲೇ ಬಿಟ್ಟಿದ್ದಾರೆ. ನಿನ್ನೆ ಹರಿಣಿ ಹಟ ಹಿಡಿದು ತಂಗಿಗೆ ಜಡೆ ಹಾಕಿದಳು. ಸೊಟ್ಟ ಜಡೆ. ಅಮೃತ ಅದನ್ನು ಬಿಚ್ಚಲು ಬಿಡದೆ ಹಾಗೇ ಶಾಲೆಗೆ ಹೋದಳು!

ತಿಂಗಳುಗಟ್ಟಲೆ ನೀವು ಆ ಕೈ ಹಿಡಿದು ಕಲಿಸಿದಿರಿ. "ಮೇಡಂ ಕೈ ಮೆತ್ತಗೋ ಒರಟೋ, ನಂಗೆ ಗೊತ್ತೇ ಇಲ್ಲಮ್ಮ" ಎನ್ನುತ್ತಾಳೆ ಹರಿಣಿ. ರಜೆ ಹಾಕಿ ಬನ್ನಿ.

ನೀವು ಹಿಡಿದ ಕೈಗಳೆಲ್ಲ ಹೀಗೇ ಎಚ್ಚರಗೊಳ್ಳಲಿ ಎಂದು ಹರಸುವ,
ಭಾನುಪ್ರಿಯಾ